ವರ್ಳಿಯ ಗೋಡೆಯ ಮೇಲೊಂದು ಜಾಗ

ದಿನಾ ಒಂದು ತಾಸು ನಡೆಯಬೇಕು, ಒಳ್ಳೆಯ ಗಾಳಿ ಕುಡಿಯಬೇಕು ಎಂದು ಡಾಕ್ಟರಮ್ಮ ಹೇಳಿದ್ದು ಚಂಪಾಳಿಗೆ. ಕೇಳಿಸಿಕೊಂಡದ್ದು ಮಾತ್ರ ಇಡೀ ಚಾಳು. ಜೊತೆಗೆ ಹೋಗಿದ್ದ ಅತ್ತೆ ಹನುಮವ್ವ ಅದನ್ನು ನಳದ ಹತ್ತಿರ ನಿಂತು ನಾಲ್ಕು ಮಂದಿಗೆ ಹೇಳಿದಳು. ಮುಂಬಯಿಯ ಸಯನ್ನಿನ ಆ ಚಾಳಿನಲ್ಲಿ ನಾಲ್ಕು ಮಂದಿಗೆ ಹೇಳಿದರೆ ಸಾಕು, ಉಳಿದ ನಲವತ್ತು ಮಂದಿ ತಾವೇ ಕೇಳಿಕೊಂಡು ಬರುತ್ತಾರೆ.

ಆದರೆ ಡಾಕ್ಟರಮ್ಮನ ಮಾತನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡವನು ಒಬ್ಬನೇ. ಅವನು ಚಂಪಾಳ ಗಂಡ ಸಾಯಬಣ್ಣ. ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಈ ಪಾಪದ ಪ್ರಾಣಿಗೆ ತನ್ನ ಹೆಂಡತಿಯ ಜೊತೆ ಒಂದು ಮಾತು ಆಡುವುದಿತ್ತು.

ನಗಬೇಡಿ. ಮದುವೆಯಾಗಿ ಎರಡು ವರ್ಷವಾಗಿದ್ದರೂ ಅವರಿಬ್ಬರೇ ಕೂತು ಮಾತಾಡಿದ್ದಿಲ್ಲ. ಇದ್ದದ್ದು ಒಂದೇ ಖೋಲಿ. ರಾತ್ರಿ ಹಳೆಯ ಸೀರೆಯ ಪರದೆಯ ಆಚೆ ಅವ್ವ ಕೆಮ್ಮುತ್ತಿದ್ದಳು. ಹಗಲು ಮಿಲ್ಲಿನ ರಾತ್ರಿಪಾಳಿ ಮುಗಿಸಿ ಬಂದ ಸೋದರಮಾವ ನಿಂಗಣ್ಣ ಅದೇ ಜಾಗದಲ್ಲಿ ಗೊರಕೆ ಹೊಡೆಯುತ್ತಿದ್ದ. ಹೊರಗಿನ ಗ್ಯಾಲರಿ ಹೇಗೂ ಊರವರದು. ಈಗ ಚಂಪಾಳಿಗೆ ಏಳು ತಿಂಗಳು ತುಂಬಿ, ಬಸುರಿಗೆ ಹಸಿರು ಸೀರೆ ಉಡಿಸುವ ಕುಬಸದ ಕಾರ್ಯವೂ ಮುಗಿದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಸೋಮವಾರದ ಗಾಡಿಗೆ ಹನುಮವ್ವ ಸೊಸೆಯನ್ನು ಬಿಜಾಪುರಕ್ಕೆ ಕರೆದುಕೊಂಡು ಹೊರಡುವವಳಿದ್ದಳು. ಮರಳಿ ಬರುವುದು ಕೂಸಿಗೆ ಮೂರು ತಿಂಗಳಾದ ಮೇಲೆ.

ನೀನಿಲ್ಲದೆ ನನಗೆ ಬಹಳ ಕಷ್ಟವಾಗುತ್ತದೆ ಎಂದು ಅವಳಿಗೆ ಹೇಳಬೇಕು. ಅಷ್ಟೇ ಅವನಿಗಿದ್ದ ಆಸೆ. ನಾಲ್ವರ ಎದುರು ಹೇಳಿದರೆ ಹೆಂಡತಿಯ ಗುಲಾಮ ಅನ್ನುತ್ತಾರೆ. ಹೇಳದೇ ಕಳಿಸಿದರೆ ಐದಾರು ತಿಂಗಳು ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಆದ್ದರಿಂದ ಭಾನುವಾರ ಮಧ್ಯಾಹ್ನ ಅವನು ಗಂಟಲು ಸರಿಮಾಡಿಕೊಂಡು, ಡಾಕ್ಟರಮ್ಮ ಹೇಳಿದ್ದಾಳಲ್ಲ, ಇವಳನ್ನು ವರ್ಳಿಯ ಸಮುದ್ರದ ದಂಡೆಗೆ ಅಡ್ಡಾಡಿಸಿಕೊಂಡು ಬರುತ್ತೇನೆ ಎಂದು ಅವ್ವನಿಗೆ ಹೇಳಿದ.

ಹನುಮವ್ವ ಬೇಡವೆನ್ನಲಿಲ್ಲ. ಆದರೆ ಬಸುರಿ ಹೆಣ್ಣು, ಮುಸ್ಸಂಜೆ ಹೊತ್ತು, ನೀರಿನ ದಂಡೆ, ಇದರಲ್ಲಿ ಗಂಡಸಿಗೆ ಏನು ತಿಳಿಯುತ್ತದೆ ಎಂದು ತಾನು ಮನೆಯಲ್ಲೇ ಉಳಿದು ಪಕ್ಕದ ಖೋಲಿಯ ಮಲ್ಲಕ್ಕನನ್ನು ಜೊತೆಗೆ ಹೊರಡಿಸಿದಳು. ಮಲ್ಲಕ್ಕ ಐದು ಹೆತ್ತವಳು, ಗಂಡ ಸತ್ತ ಮೇಲೆ ಚಾಳಿನ ಎಲ್ಲ ಹೆರಿಗೆಗಳನ್ನೂ ತನ್ನವೇ ಎಂದುಕೊಂಡವಳು. ಅವಳು ಚಪ್ಪಲಿ ಹಾಕಿಕೊಳ್ಳುವುದನ್ನು ಕಂಡು ಎದುರಿನ ಭಾಗವ್ವ ತಾನೂ ದೀಪಾವಳಿಯಿಂದ ಸಮುದ್ರ ನೋಡಿಲ್ಲ ಎಂದಳು. ಭಾಗವ್ವನ ಗಂಡ ಬಂಡೆಪ್ಪ, ಹೆಂಗಸರನ್ನಷ್ಟೇ ಕಳಿಸುವುದು ಹೇಗೆ ಎಂದು ಅಂಗಿ ತೊಟ್ಟ. ಎದುರಿಗೇ ನಿಂತಿದ್ದ ಸಾಯಬಣ್ಣ ಅವನ ಲೆಕ್ಕದಲ್ಲಿ ಗಂಡಸಾಗಿ ಬರಲಿಲ್ಲವೆಂದು ಕಾಣುತ್ತದೆ.

ಸಾಯಬಣ್ಣ ಬಸ್ಸಿನ ಕಂಡಕ್ಟರನ ಮೇಲೆ ಭರವಸೆ ಇಟ್ಟುಕೊಂಡ. ಭಾನುವಾರದ ಗದ್ದಲದಲ್ಲಿ ಇಬ್ಬರಿಗೆ ಮಾತ್ರ ಜಾಗ ಎಂದು ಗಂಟೆ ಬಾರಿಸಿಬಿಟ್ಟರೆ ಗೆದ್ದೆ ಎಂದುಕೊಂಡಿದ್ದ. ಬಸ್ಸು ತುಂಬಿಯೇ ಬಂತು. ಆದರೆ ಕಂಡಕ್ಟರ್ ಚಂಪಾಳ ಹೊಟ್ಟೆ ನೋಡಿ ದೇವರಂಥ ಮನುಷ್ಯನಾದ. ಅವಳಿಗೆ ಸೀಟು ಬಿಡಿಸಿಕೊಟ್ಟ, ಅವಳ ಕಡೆಯವರು ಎಂದು ಉಳಿದವರನ್ನೂ ಒಳಗೆ ತುಂಬಿಕೊಂಡ. ಹೊರಗೆ ಫುಟ್‌ಬೋರ್ಡಿನ ಮೇಲೆ ಜೋತುಬಿದ್ದು ಬಂದವನು ಸಾಯಬಣ್ಣ ಒಬ್ಬನೇ.

ವರ್ಳಿಯಲ್ಲಿ ಇಳಿದಾಗ ಬಿಸಿಲು ಇಳಿದು ಗಾಳಿ ಬಿಟ್ಟಿತ್ತು. ಚಂಪಾಳ ಒಂದು ಮಗ್ಗುಲಿಗೆ ಮಲ್ಲಕ್ಕ, ಇನ್ನೊಂದು ಮಗ್ಗುಲಿಗೆ ಭಾಗವ್ವ. ಮುಂದೆ ಬಂಡೆಪ್ಪ, ಮೂಗಿನಿಂದ ಉಸಿರು ತಗೋಬೇಕು, ಬಾಯಿಂದ ಬಿಡಬೇಕು ಎಂದು ಕಲಿಸುತ್ತ ನಡೆದ. ಹಾಸುವ ಜಮಖಾನೆ, ರೊಟ್ಟಿಯ ಡಬ್ಬಿ, ನೀರಿನ ತಂಬಿಗೆ ಹೊತ್ತು ಎಲ್ಲರ ಹಿಂದೆ ಸಾಯಬಣ್ಣ. ಎರಡು ಸಲ ಅವನು ಹೆಜ್ಜೆ ಚುರುಕು ಮಾಡಿ ಹೆಂಡತಿಯ ಬದಿಗೆ ಬಂದ. ಎರಡು ಸಲವೂ ಮಲ್ಲಕ್ಕ ಅವನಿಂದ ತಂಬಿಗೆ ಇಸಿದುಕೊಂಡು, ನೀರು ಕುಡಿದು, ವಾಪಸು ಕೊಟ್ಟಳು.

ಆಗ ಅವನ ಕಣ್ಣಿಗೆ ಬಾಡಿಗೆ ಸೈಕಲ್ಲಿನ ಅಂಗಡಿ ಬಿತ್ತು. ಮದುವೆಯಲ್ಲಿ ಹೆಣ್ಣು ಕೊಟ್ಟ ಮಾವ ಕಟ್ಟಿದ್ದ ಕೈಗಡಿಯಾರವನ್ನು ಒತ್ತೆಯಿಟ್ಟು ಒಂದು ಸೈಕಲ್ ತಂದ. ಇವಳ ಕಾಲು ಬಾತಿವೆ, ನಾನು ಹತ್ತುವುದಿಲ್ಲ, ಇವಳನ್ನು ಕ್ಯಾರಿಯರ್ ಮೇಲೆ ಕೂರಿಸಿ ಮೆಲ್ಲಗೆ ತಳ್ಳಿಕೊಂಡು ಬರುತ್ತೇನೆ ಎಂದ. ಮಲ್ಲಕ್ಕ ಹೌಹಾರಿದಳು. ಬಂಡೆಪ್ಪ, ಡಾಕ್ಟರು ಹೇಳಿದ್ದು ನಡೆಯಲಿಕ್ಕೆ, ಸೈಕಲ್ ಮೇಲೆ ಮೆರೆಯಲಿಕ್ಕಲ್ಲ ಎಂದ. ಅಷ್ಟರಲ್ಲಿ ಯಾವತ್ತೂ ಎದುರಾಡದ ಚಂಪಾ ಸೀರೆ ಒತ್ತಿ ಹಿಡಿದು ಕ್ಯಾರಿಯರ್ ಮೇಲೆ ಕೂತುಬಿಟ್ಟಳು.

ಸಾಯಬಣ್ಣ ತಳ್ಳಿದ. ಮಲ್ಲಕ್ಕನದು ಮೊಣಕಾಲು ನೋವು, ಬಂಡೆಪ್ಪನದು ಉಸಿರಾಟದ ಪಾಠ, ಹತ್ತು ಮಾರು ದೂರವಾಗಲಿಕ್ಕೆ ಹೊತ್ತು ಹಿಡಿಯಲಿಲ್ಲ. ಚಂಪಾ ಸೆರಗು ಹಾರದಂತೆ ಹಲ್ಲಲ್ಲಿ ಕಚ್ಚಿಕೊಂಡು ನಕ್ಕಳು. ಆ ನಗುವನ್ನು ಅವನು ಈವರೆಗೆ ಪರದೆಯ ಆಚೆಯಿಂದ ಕೇಳಿದ್ದೇ ಹೆಚ್ಚು. ಅವನ ಎದೆ ತುಂಬಿ ಬಂತು. ಈಗ ಹೇಳಿಬಿಡೋಣವೆಂದು ಬಾಯಿ ತೆರೆದ.

ಸೀಟಿ ಕೇಳಿಸಿತು. ಹಳದಿ ಟೊಪ್ಪಿಗೆಯ ಹವಾಲ್ದಾರ ಎದುರಿಗೆ ನಿಂತಿದ್ದ. ಡಬಲ್ ಸೀಟು, ಕಾಯಿದೆಗೆ ವಿರುದ್ಧ ಎಂದ. ಸಾಯಬಣ್ಣ ತನಗೆ ಬರುವಷ್ಟು ಹಿಂದಿಯಲ್ಲಿ, ಸಾಹೇಬರೇ, ಸೀಟಿನ ಮೇಲೆ ನಾನಿಲ್ಲ, ನೆಲದ ಮೇಲಿದ್ದೇನೆ ಎಂದು ಕಾಲು ತೋರಿಸಿದ. ಹ್ಯಾಂಡಲ್ ಹಿಡಿದವನು ಒಬ್ಬ, ಕೂತವಳು ಒಬ್ಬಳು, ಹೊಟ್ಟೆಯಲ್ಲಿ ಇನ್ನೊಂದು, ಲೆಕ್ಕ ಹಾಕಿದರೆ ಟ್ರಿಪಲ್ ಎಂದು ಹವಾಲ್ದಾರ ಬಗ್ಗಿ ಹಿಂದಿನ ಗಾಲಿಯ ಗಾಳಿ ಬಿಟ್ಟ. ಅಷ್ಟು ಹೊತ್ತಿಗೆ ಹಿಂದಿನವರು ಬಂದು ಮುಟ್ಟಿದರು. ಮಲ್ಲಕ್ಕ ಬಿಜಾಪುರದ ಕನ್ನಡದಲ್ಲಿ ಹವಾಲ್ದಾರನ ಮನೆತನವನ್ನು ವಿಚಾರಿಸಿದಳು. ಅವನಿಗೆ ಭಾಷೆ ತಿಳಿಯದಿದ್ದರೂ ಧಾಟಿ ತಿಳಿಯಿತು. ಮುಂದಿನ ಗಾಲಿಯ ಗಾಳಿಯನ್ನೂ ಬಿಟ್ಟು ಹೋದ.

ಈಗ ಸತ್ತ ಸೈಕಲ್ಲನ್ನು ಅಂಗಡಿಗೆ ಮುಟ್ಟಿಸಬೇಕಿತ್ತು. ಹೋಗುವ ಮುಂಚೆ ಸಾಯಬಣ್ಣ ಧೈರ್ಯ ಮಾಡಿ, ಹೆಂಡತಿಯ ಕಿವಿಯ ಹತ್ತಿರ ಬಗ್ಗಿದ.

“ಆ ಗ್ವಾಡಿ ಮ್ಯಾಲ ಜಾಗಾ ಹಿಡಕೊಂಡು ಕೂಡು. ನಾ ಬರ್ತೇನಿ. ನಿನಗೊಂದು ಮಾತು ಹೇಳೂದೈತಿ.”

ಚಂಪಾ ತಲೆಯಾಡಿಸಿದಳು. ಮುಖ ಕೆಂಪಾಗಿತ್ತು.

ವರ್ಳಿಯ ಆ ಉದ್ದನೆಯ ಗೋಡೆಯ ಮೇಲೆ ಭಾನುವಾರ ಸಂಜೆ ಜಾಗ ಸಿಗುವುದು ಲೋಕಲ್ ರೈಲಿನಲ್ಲಿ ಕಿಟಕಿ ಸೀಟು ಸಿಕ್ಕ ಹಾಗೆ. ಒಂದೊಂದು ಗೇಣು ಬಿಟ್ಟು ಒಂದೊಂದು ಜೋಡಿ. ಎಲ್ಲರ ಮುಖವೂ ಸಮುದ್ರದ ಕಡೆಗೆ. ಒಬ್ಬರನ್ನೊಬ್ಬರು ನೋಡಿ ಮಾತಾಡಿದರೆ ಹಿಂದೆ ಅಡ್ಡಾಡುವವರಿಗೆ ಕಾಣುತ್ತದಲ್ಲ, ಅದಕ್ಕೆ ಪಾಪ, ಅಲೆಗಳನ್ನೇ ನೋಡುತ್ತ ಹೆಂಡತಿಗೆ ಹೇಳುವುದನ್ನು ಹೇಳಿ ಮುಗಿಸುತ್ತಾರೆ. ಒಂದೇ ಖೋಲಿಯ ಸಂಸಾರಗಳಿಗೆ ಮುಂಬಯಿ ಕೊಟ್ಟ ಎರಡನೇ ಖೋಲಿ ಅದು.

ಅಂಗಡಿಯವನು ಗಾಲಿ ನೋಡಿ ಬೈದ. ಎರಡಕ್ಕೂ ಸಾಯಬಣ್ಣನ ಕೈಯಿಂದಲೇ ಗಾಳಿ ಹೊಡೆಸಿ, ಆಮೇಲೆ ಗಡಿಯಾರ ಕೊಟ್ಟ. ಸಾಯಬಣ್ಣ ಓಡುತ್ತ ಮರಳಿದಾಗ ಸೂರ್ಯ ನೀರಿಗೆ ತಾಗಿದ್ದ. ದೇವರ ದಯೆ, ಬಂಡೆಪ್ಪ ದೂರದಲ್ಲಿ ಯಾರಿಗೋ ಉಸಿರಾಟ ಕಲಿಸುತ್ತಿದ್ದ. ಗೋಡೆಯ ಮೇಲೆ ಹಸಿರು ಸೀರೆ ಕಂಡಿತು. ಗಾಳಿಗೆ ತಲೆತುಂಬ ಸೆರಗು ಬಿಗಿದುಕೊಂಡು, ಪಕ್ಕದ ಒಂದು ಗೇಣು ಜಾಗದ ಮೇಲೆ ಅಂಗೈ ಊರಿ ಕಾಯುತ್ತ ಕೂತಿದ್ದಳು. ಅವನು ಹೋಗಿ ಕೂತ. ಅಂಗೈ ಸರಿಯಿತು. ಅವನು ಮರ್ಯಾದಸ್ಥನ ಹಾಗೆ ಸಮುದ್ರವನ್ನೇ ನೋಡಿದ.

“ಸಿಟ್ಟಾಗಬ್ಯಾಡ,” ಎಂದ. “ನನಗ ಮಾತಾಡಾಕ ಬರೂದಿಲ್ಲ. ನೀ ಹ್ವಾದ ಮ್ಯಾಲ ನಾ ಹೆಂಗ ಇರ್ಲಿ ಅಂತ ಎಂಟು ದಿನದಿಂದ ನಿದ್ದಿ ಇಲ್ಲ. ಅವತ್ತು ಸಾರಿಗೆ ಉಪ್ಪಿಲ್ಲ ಅಂತ ಒದರಿದ್ನಲ್ಲ, ಉಪ್ಪು ಬರೋಬ್ಬರಿ ಇತ್ತು. ಅವ್ವ ಎದುರಿಗೆ ಕೂತಿದ್ಲು ಅಂತ ಅಂದೆ.”

ಪಕ್ಕದಿಂದ ಮಾತಿಲ್ಲ. ಚಂಪಾ ಯಾವಾಗ ಮಾತಾಡಿದ್ದಾಳೆ ಎಂದು ಅವನು ಮುಂದುವರಿಸಿದ.

“ಸಂಜಿಕ ಕಾರ್ಖಾನಿ ಬಿಟ್ಟ ಮ್ಯಾಲ ಎಲ್ಲಾರೂ ಚಾ ಕುಡಿಯಾಕ ಹೋಗ್ತಾರ. ನಾ ಹೋಗೂದಿಲ್ಲ, ಓಡಿ ಲೋಕಲ್ ಹಿಡೀತೇನಿ. ಯಾಕಂದ್ರ ಜಿನಾದ ಮೆಟ್ಟಲಾ ಹತ್ತೂವಾಗ ನಿನ್ನ ಕೈಬಳಿ ಸಪ್ಪಳ ಕೇಳತೈತಿ. ನಾಳಿಂದ ಯಾರ ಸಪ್ಪಳ ಕೇಳ್ಲಿ? ಹೋಗಬ್ಯಾಡ ಅನ್ನಾಕ ನನಗ ಬಾಯಿಲ್ಲ, ಪದ್ಧತಿ ಐತಿ. ಆದ್ರ ಕೂಸಿನ ಮಾರಿ ನಾನೂ ಮೊದಲನೇ ದಿನಾನ ನೋಡಬೇಕು ಅಂತ ಭಾಳ ಆಸೆ ಐತಿ.”

ಹೇಳಿ ಮುಗಿಸಿದ. ಎದೆ ಹಗುರಾಯಿತು. ಆಗ ಬೆನ್ನ ಮೇಲೆ ಒಂದು ಗುದ್ದು ಬಿತ್ತು. ಎಂಥ ಗುದ್ದೆಂದರೆ ಇನ್ನೊಂದು ಸ್ವಲ್ಪದಲ್ಲಿ ಕೆಳಗಿನ ಬಂಡೆಗಳ ಮೇಲೆ ಹೋಗಿ ಬೀಳುತ್ತಿದ್ದ. ಪಕ್ಕಕ್ಕೆ ತಿರುಗಿ ನೋಡಿದ. ಮಲ್ಲಕ್ಕ ಕಣ್ಣು ಒರೆಸಿಕೊಳ್ಳುತ್ತ ಕೂತಿದ್ದಳು.

ಒಂದು ಸಂಗತಿ ನಾನು ಮೊದಲೇ ಹೇಳಬೇಕಿತ್ತು, ಮರೆತೆ. ಕುಬಸಕ್ಕೆಂದು ಹನುಮವ್ವ ಒಂದೇ ತರಹದ ಎರಡು ಹಸಿರು ಸೀರೆ ತಂದು ಸೊಸೆಗೊಂದು, ಗಂಡನಿಲ್ಲದಿದ್ದರೂ ಮಕ್ಕಳೊಂದಿಗಳೆಂದು ಮಲ್ಲಕ್ಕನಿಗೊಂದು ಕೊಟ್ಟಿದ್ದಳು, ಆ ಸಂಜೆ ಇಬ್ಬರೂ ಉಟ್ಟದ್ದು ಅದನ್ನೇ. ಇನ್ನು ಹಿಂದಿನಿಂದ ನೋಡಿದರೆ ಏಳು ತಿಂಗಳ ಬಸುರಿಗೂ ಐದು ಹೆತ್ತ ಮಲ್ಲಕ್ಕನಿಗೂ ಗಾತ್ರದಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಚಂಪಾ ಭಾಗವ್ವನ ಜೊತೆ ಎಳನೀರು ಕುಡಿಯಲು ಹೋಗುವಾಗ, ಎದ್ದರೆ ಹೋದೀತೆಂದು ಜಾಗ ಹಿಡಿದು ಕೂರಲು ಮಲ್ಲಕ್ಕನಿಗೆ ಹೇಳಿದ್ದಳು. ಮಲ್ಲಕ್ಕನ ಬಾಯಲ್ಲಿ ಎಲೆಯಡಿಕೆ ತುಂಬಿತ್ತು. ಎದುರುಗಾಳಿಗೆ ಉಗುಳುವ ಹಾಗಿರಲಿಲ್ಲ, ಉಗುಳದೆ ಮಾತಾಡುವ ಹಾಗೂ ಇರಲಿಲ್ಲ. ಆಮೇಲಾಮೇಲೆ ಅವಳಿಗೆ ಮಾತಾಡಲು ಮನಸ್ಸೂ ಬರಲಿಲ್ಲ.

ಈಗ ಹೇಗೋ ನುಂಗಿಕೊಂಡು ಹೇಳಿದಳು. “ಹದಿನೆಂಟು ವರ್ಷ ಸಂಸಾರ ಮಾಡಿದೆ ತಮ್ಮಾ. ನಮ್ಮವರು ಛಲೋ ಮನಶ್ಯಾ. ಖರೆ ಒಂದ ದಿನಾನೂ ನನಗ ಹಿಂಗ ಹೇಳ್ಲಿಲ್ಲ.”

ಸಾಯಬಣ್ಣನಿಗೆ ನಾಚಿಕೆಯಿಂದ ಸಮುದ್ರ ಸೇರುವಂತಾಯಿತು. ಯಾರಿಗೂ ಹೇಳಬೇಡವೆಂದು ಕೈ ಹಿಡಿದು ಬೇಡಿಕೊಂಡ. ಇದು ನನ್ನ ಹೊಟ್ಟೆಯಲ್ಲೇ ಇರುತ್ತದೆ ಎಂದು ಮಲ್ಲಕ್ಕ ಆಣೆ ಮಾಡಿದಳು. ಚಂಪಾ ಬರುವ ಹೊತ್ತಿಗೆ, ಅವರು ಎದ್ದ ಜಾಗದಲ್ಲಿ ಬೇರೊಂದು ಜೋಡಿ ಕೂತು ಅಲೆ ನೋಡುತ್ತಿತ್ತು. ಬಂಡೆಪ್ಪ ಬಸ್ಸು ತಪ್ಪೀತೆಂದು ಎಲ್ಲರನ್ನೂ ಹೊರಡಿಸಿದ. ಏನೋ ಹೇಳೂದೈತಿ ಅಂದಿದ್ರಿ ಎನ್ನುವ ಹಾಗೆ ಚಂಪಾ ಒಮ್ಮೆ ನೋಡಿದಳು. ಅವನು ಜಮಖಾನೆ ಹೆಗಲಿಗೇರಿಸುತ್ತ ತಲೆ ತಗ್ಗಿಸಿದ.

ಮಲ್ಲಕ್ಕ ಆಣೆಯನ್ನು ಚಾಳಿನ ಮೆಟ್ಟಿಲವರೆಗೆ ಉಳಿಸಿಕೊಂಡಳು. ಆಮೇಲೆ ಹನುಮವ್ವನ ಎದುರು ಕೂತು ಒಂದಕ್ಷರ ಬಿಡದೆ ಹೇಳಿದಳು. ಉಪ್ಪಿನ ಸಂಗತಿಯನ್ನು ಹೇಳಿದಳು, ಬಳೆಯ ಸಪ್ಪಳವನ್ನು ಭಾಗವ್ವನ ಕೈ ಹಿಡಿದು ಬಳೆ ಅಲ್ಲಾಡಿಸಿ ತೋರಿಸಿದಳು. ಬಾಗಿಲಲ್ಲಿ ಹದಿನೈದು ಮಂದಿ ನಿಂತು ಕೇಳಿದರು. ಸಾಯಬಣ್ಣ ಕೆಳಗೆ ನಳದ ಹತ್ತಿರ ಖಾಲಿ ಕೊಡಗಳ ಮಧ್ಯೆ ಕೂತಿದ್ದ. ಅವ್ವ ಬಡಿಗೆ ತಗೊಂಡು ಬರುತ್ತಾಳೆಂದೇ ಅವನ ಎಣಿಕೆ.

ಹನುಮವ್ವ ಬಂದದ್ದು ಬರಿಗೈಯಲ್ಲಿ. ಮಗನ ತಲೆ ಸವರಿದಳು. “ಇಷ್ಟು ಜೀವಾ ಇಟ್ಟಕೊಂಡು ಬಾಯಿ ಮುಚ್ಚಿಕೊಂಡು ಕೂತಿದ್ಯಲ್ಲೋ, ನನಗರ ಹೇಳಬಾರದ? ಆಕಿ ಹೋಗೂದಿಲ್ಲ ಬಿಡು. ಇಲ್ಲೇ ದೊಡ್ಡ ದವಾಖಾನಿ ಐತಿ, ಇಲ್ಲೇ ಹಡೀಲಿ. ಕೂಸಿನ ಮಾರಿ ನೀನೂ ನೋಡು.”

ಸಾಯಬಣ್ಣನ ಕಣ್ಣಲ್ಲಿ ನೀರು ಬಂತು. ನನಗೂ ಇಲ್ಲಿಗೇ ಕತೆ ಮುಗಿಸಬೇಕೆಂದು ಆಸೆಯಿತ್ತು. ಆದರೆ ಹನುಮವ್ವನ ಮಾತು ಮುಗಿದಿರಲಿಲ್ಲ. ಪದ್ಧತಿ ಬಿಡುವ ಹೆಂಗಸಲ್ಲ ಅವಳು. ಚೊಚ್ಚಲ ಹೆರಿಗೆ ತವರಿನವರ ಕೈಯಲ್ಲೇ ಆಗಬೇಕು, ಸೊಸೆ ತವರಿಗೆ ಹೋಗದಿದ್ದರೆ ತವರೇ ಇಲ್ಲಿಗೆ ಬರಬೇಕು. ಮಾರನೆಯ ದಿನ ಬಂಡೆಪ್ಪನ ಕೈಯಲ್ಲಿ ಬಿಜಾಪುರಕ್ಕೆ ತಂತಿ ಹೋಯಿತು. ಗುರುವಾರ ಬೆಳಿಗ್ಗೆ ಚಂಪಾಳ ತಾಯಿ, ತಾಯಿಯ ತಾಯಿ, ಇಬ್ಬರು ತಂಗಿಯರು ಬಾಣಂತಿಗೆ ಬೇಕಾದ ಸಾಮಾನಿನ ಆರು ಗಂಟುಗಳ ಸಮೇತ ಬಂದಿಳಿದರು. ಐದಾರು ತಿಂಗಳು ಇದ್ದು ಹೋಗುವ ತಯಾರಿಯಲ್ಲೇ ಬಂದಿದ್ದರು. ಸಾಯಬಣ್ಣನ ಹಾಸಿಗೆ ಗ್ಯಾಲರಿಗೆ ಬಂತು, ಬಂಡೆಪ್ಪನ ಹಾಸಿಗೆಯ ಪಕ್ಕಕ್ಕೆ.

ಆ ಸಂಜೆ ಅವನು ಕಾರ್ಖಾನೆಯಿಂದ ಬಂದಾಗ ಹೊಸ್ತಿಲ ಮೇಲೆ ಕೂರಲು ಮಾತ್ರ ಜಾಗವಿತ್ತು. ಚಂಪಾ ಗಂಟುಗಳನ್ನು ದಾಟಿಕೊಂಡು ಬಂದು ಚಹಾ ಕೊಟ್ಟಳು. ಕೊಟ್ಟವಳು ಒಳಗೆ ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಹೇಳಿದಳು.

“ಮಲ್ಲಕ್ಕ ಹೇಳಿದ್ಲು. ನನಗ ನಿಮ್ಮ ಬಾಯಿಂದ ಕೇಳಬೇಕು. ಒಮ್ಮೆ ಹೇಳ್ರಿ.”

ಸಾಯಬಣ್ಣ ಕಪ್ಪು ಕೆಳಗಿಟ್ಟ. ಈ ಸಲ ಸಮುದ್ರವನ್ನಲ್ಲ, ಅವಳ ಮುಖವನ್ನೇ ನೋಡಿದ. ತುಟಿ ಅಲುಗಿತು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು, ತಂಗಿಯರ ಪಿಸುಮಾತು ನಿಂತಿತು, ನಿಂಗಣ್ಣ ಮಾವನ ಗೊರಕೆಯೂ ನಿಂತಿತು. ಮೂಲೆಯಲ್ಲಿ ಕೂತಿದ್ದ ಚಂಪಾಳ ಅಜ್ಜಿ ಕಿವಿಯ ಹಿಂದೆ ಅಂಗೈ ಹಿಡಿದು ಬಾಗಿಲ ಕಡೆಗೆ ಸರಿದಳು.

“ಅಳಿಯಂದ್ರ, ಜರಾ ಜೋರಾಗಿ ಹೇಳ್ರಿ. ನನಗ ಒಂದು ಕಿವಿ ಕೇಳ್ಸೂದಿಲ್ಲ.”