ಕಿವಿ ಚುರುಕಾದ ಕಂಪ್ಯೂಟರ್

ಬೀದಿಯವರೆಲ್ಲ ಸ್ಟುಡಿಯೋ ಮಾವ ಎಂದು ಕರೆಯುತ್ತಿದ್ದ ಫೋಟೋಗ್ರಾಫರನ ಕಂಪ್ಯೂಟರಿಗೆ ಕಿವಿ ಮಂದ. ಒಂದು ಸಲ ಗುಂಡಿ ಒತ್ತಿದರೆ ಅದಕ್ಕೆ ಕೇಳುತ್ತಿರಲಿಲ್ಲ. ಬಾಗಿಲು ಬಡಿದ ಹಾಗೆ ಟಪಟಪನೆ ಬಡಿದರೆ, ಮುದುಕನೊಬ್ಬ ಚಪ್ಪಲಿ ಹುಡುಕಿಕೊಂಡು ಎದ್ದು ಬಂದಂತೆ ಒಂದು ಕೆಲಸ ಮಾಡುತ್ತಿತ್ತು.

ಮರುದಿನ, ತೀರಿಹೋಗಿದ್ದ ಮಾವನ ಹೆಂಡತಿಯ ವರ್ಷದ ಪ್ರಾರ್ಥನೆ. ಗೋಡೆಯ ಮೇಲೆ ಅವಳ ಪಟವಿರಲಿಲ್ಲ. ಊರವರ ಮುಖಗಳನ್ನೆಲ್ಲ ಹಿಡಿದವನು ಮನೆಯ ಮುಖವನ್ನು ನಾಳೆ ತೆಗೆದರಾಯಿತು ಎಂದು ಬಿಟ್ಟಿದ್ದ. ದೇವರು ಆ ನಾಳೆಯನ್ನು ಕೊಡಲಿಲ್ಲ. ಉಳಿದದ್ದು ಕಂಪ್ಯೂಟರಿನೊಳಗಿನ ಒಂದೇ ಗುಂಪು ಚಿತ್ರ. ಅದರ ಅಂಚಿನಲ್ಲಿ, ತಂಗಿಯ ಪಕ್ಕದಲ್ಲಿ, ಅವಳು ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು. ಅವಳೊಬ್ಬಳನ್ನೇ ಬಿಡಿಸಿ ದೊಡ್ಡದು ಮಾಡಲು ಬೆಳಿಗ್ಗೆ ಕುಳಿತ ಮಾವ, ಹೊತ್ತೇರಿದರೂ ಅವಳ ಒಂದು ಕಿವಿಯನ್ನು ದಾಟಿರಲಿಲ್ಲ.

ಅಷ್ಟರಲ್ಲಿ ನಾದಿನಿಯೂ ಷಡ್ಡಕನೂ ಬಂದಿಳಿದರು. ಷಡ್ಡಕನಿಗೆ ತಿಳಿಯದ ವಿಷಯವೇ ಇರಲಿಲ್ಲ. ಇದಕ್ಕೆ ಮೆಮೊರಿ ಸಾಲದು ಎಂದು ತೀರ್ಪು ಕೊಟ್ಟು ರಿಪೇರಿಯವನನ್ನು ಕರೆತಂದ. ಮೆಮೊರಿ ಹಾಕಿದ್ದೇ ತಡ, ಕಂಪ್ಯೂಟರ್ ಇದ್ದ ಜೀವವನ್ನೂ ಬಿಟ್ಟಿತು. ಪಕ್ಕದ ಅಂಗಡಿಯ ದರ್ಜಿ ಬಂದು ಒಳಗಿನ ಧೂಳನ್ನು ಉಫ್ ಎಂದು ಊದಿದ. ಮಾವ ಹಿಟ್ಟಿನ ಗಿರಣಿಯಿಂದ ಎದ್ದು ಬಂದವನಂತಾದ. ರಿಪೇರಿಯವನು ಮೆಮೊರಿಯ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಜೀವ ಬಂತು, ವೇಗ ಬರಲಿಲ್ಲ. ಡಿಸ್ಕನ್ನೂ ಬದಲಿಸಬೇಕೆಂದ. ಹಳೆಯ ಡಿಸ್ಕ್ ತನ್ನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಒಪ್ಪಿಸಿ, ಸಜ್ಜನರಂತೆ ಅಲ್ಲೇ ಪ್ರಾಣ ಬಿಟ್ಟಿತು.

ಕಂಪ್ಯೂಟರ್ ಓಡತೊಡಗಿತು. ಮಾವನ ಕಷ್ಟ ಶುರುವಾದದ್ದು ಆಗಲೇ. ಮೊದಲಾದರೆ ಯಾರು ಏನು ಸಲಹೆ ಕೊಟ್ಟರೂ, ಅದು ಆಗುವಷ್ಟರಲ್ಲಿ ವಾರ ಕಳೆಯುತ್ತದೆ ಎಂದು ತಪ್ಪಿಸಿಕೊಳ್ಳಬಹುದಿತ್ತು. ಈಗ ಬಾಯಿಂದ ಬಿದ್ದದ್ದೆಲ್ಲ ಬಿದ್ದ ಕೂಡಲೇ ಆಗುತ್ತಿತ್ತು.

"ಭಾವ, ಬಂದೋರ ಮುಂದೆ ಅಕ್ಕ ಕಣ್ಣು ಮುಚ್ಕೊಂಡಿದ್ರೆ ಚೆನ್ನಾಗಿರುತ್ತಾ?" ಎಂದಳು ನಾದಿನಿ. "ಪಕ್ಕದಲ್ಲೇ ನಾನಿದ್ದೀನಲ್ಲ, ನನ್ ಕಣ್ಣು ತಗೊಂಡು ಹಾಕಿ."

"ಅವಳು ನಗ್ತಿದ್ದದ್ದೇ ಹಾಗಲ್ವೇನಮ್ಮ."

"ಅದು ನಮಗೆ ಗೊತ್ತು. ಬಂದೋರಿಗೆ ಗೊತ್ತಾ?"

ಕಣ್ಣು ಬಂತು. ಆ ಕಣ್ಣಿಗೆ ಈ ಮೂಗು ಹೊಂದುವುದಿಲ್ಲ ಎಂದ ಷಡ್ಡಕ, ಮೂಗೂ ಬಂತು. ಪ್ರಾರ್ಥನೆಯ ಪಟದಲ್ಲಿ ಅಷ್ಟೊಂದು ಹಲ್ಲು ಕಾಣಬಾರದೆಂದು ದರ್ಜಿ ಹೇಳಿದ, ಬಾಯಿ ಬಂತು. ಕೆನ್ನೆಯ ಸುಕ್ಕಿಗೆ ಎಲ್ಲರೂ ಒಟ್ಟಿಗೇ ಬೆರಳು ತೋರಿಸಿದರು. ಮಾವನಿಗೆ ತಾನು ಅವಳನ್ನು ಇನ್ನೊಂದು ಸಲ ಕಳೆದುಕೊಳ್ಳುತ್ತಿದ್ದೇನೆ ಎನಿಸಿತು. ಆದರೂ ಒಳಗೊಳಗೇ ಒಂದು ಧೈರ್ಯ: ಇದನ್ನು ಬೇರೆಯಾಗಿ ಉಳಿಸಿ ಇವರನ್ನು ಸಮಾಧಾನ ಮಾಡಿದರಾಯಿತು, ಆಮೇಲೆ ಹಳೆಯದನ್ನೇ ದೊಡ್ಡದು ಮಾಡಿ ತೂಗುಹಾಕೋಣ.

ಉಳಿಸುವಾಗ ಬೆರಳು ಅಭ್ಯಾಸಬಲದಿಂದ ಟಪಟಪನೆ ಬಡಿಯಿತು. ಮೊದಲ ಬಡಿತಕ್ಕೆ ಕಂಪ್ಯೂಟರ್, ಹಳೆಯ ಚಿತ್ರವನ್ನು ಅಳಿಸಿ ಅದರ ಜಾಗದಲ್ಲಿ ಇದನ್ನು ಇಡಲೇ ಎಂದು ಕೇಳಿತು. ಎರಡನೆಯದನ್ನು ಹೂಂ ಎಂದು ತಿಳಿದುಕೊಂಡಿತು. ಮೂರನೆಯದು ಬೀಳುವಾಗ ಕೇಳಲು ಏನೂ ಉಳಿದಿರಲಿಲ್ಲ.

ಹಳೆಯ ಚಿತ್ರ ಹೋದದ್ದನ್ನು ಮಾವ ಯಾರಿಗೂ ಹೇಳಲಿಲ್ಲ, ಹೇಳಿದರೆ ಇನ್ನೊಂದು ಸಲಹೆ ಬರುತ್ತಿತ್ತು. ಷಡ್ಡಕನೇ ಪ್ರಿಂಟ್ ತೆಗೆಸಿ, ಪಟಗಳಿಗೆ ಕಟ್ಟು ಹಾಕುವವನ ಅಂಗಡಿಗೆ ಕೊಟ್ಟು ಬಂದ.

ಸಂಜೆ ಕಟ್ಟು ಹಾಕುವವನು ಪಟ ಹೊತ್ತು ತಂದು ಮನೆಯ ಬಾಗಿಲು ತಟ್ಟಿದ. ತೆರೆದವಳು ನಾದಿನಿ. ಅವನು ಪಟ ನೋಡಿದ, ಅವಳನ್ನು ನೋಡಿದ, ಹಿಂದೆ ಹಿಂದೆಯೇ ಮೆಟ್ಟಿಲಿಳಿದು ಗೇಟಿನ ಬಳಿ ಕುಳಿತಿದ್ದ ಮಾವನ ತೋಳು ಹಿಡಿದುಕೊಂಡ.

"ಸಾರ್, ತೀರ್ಕೊಂಡೋರೇ ಬಂದು ಬಾಗಿಲು ತೆಗೆದ್ರು."

ನಾದಿನಿ ಅವನ ಕೈಯಿಂದ ಪಟ ಕಸಿದುಕೊಂಡಳು. ಬಹಳ ಹೊತ್ತು ನೋಡಿದಳು. ಷಡ್ಡಕ ಬಗ್ಗಿ, ಸರಿಯಾಗಿಯೇ ಇದ್ದ ಚಪ್ಪಲಿಯ ಪಟ್ಟಿಯನ್ನು ಸರಿಮಾಡಿಕೊಳ್ಳತೊಡಗಿದ. ಮಾವ ಬೈಗುಳಕ್ಕೆ ತಲೆಯೊಡ್ಡಿ ಕುಳಿತ. ಬೈಗುಳ ಬರಲಿಲ್ಲ.

"ಯಾವ ಫೋಟೋದಲ್ಲೂ ನಾನು ಇಷ್ಟು ಚೆನ್ನಾಗಿ ಬಂದಿರ್ಲಿಲ್ಲ ಭಾವ," ಎಂದು ಅವಳು ಗಾಜನ್ನು ಒರೆಸಿ ಪಟವನ್ನು ಕಂಕುಳಿಗೆ ಸೇರಿಸಿದಳು. "ಇದು ನಮ್ಮನೇಲಿರ್ಲಿ. ಹೇಗೂ ಕಂಪ್ಯೂಟರ್ ಈಗ ಓಡುತ್ತಲ್ಲ, ಅಕ್ಕಂದು ಇನ್ನೊಂದು ಮಾಡ್ಕೊಳ್ಳಿ. ನಿಮಗೇನು, ಎಷ್ಟೊತ್ತಿನ ಕೆಲಸ."