ಕಾಕಾನ ನಿವೃತ್ತಿಗೆ ನನ್ನ ಆಕ್ಷೇಪಣೆ

ಭಾರತ ತಂಡದ ಆ ಸರ್ದಾರ್ ಸ್ಪಿನ್ನರ್ ನಿವೃತ್ತಿ ಘೋಷಿಸಿದ ದಿನವೇ ನಮ್ಮ ಕಾಕಾನೂ ಕ್ರಿಕೆಟ್ ಬಿಟ್ಟ, ಭಕ್ತಿ ಅಂದರೆ ಇದು ಎಂದು ನಮ್ಮ ಇಂಡಿ ಊರಿನ ಚಹಾದಂಗಡಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಚರ್ಚಾಸ್ಪರ್ಧೆಗಳಲ್ಲೇ ಕಾಲೇಜು ಮುಗಿಸಿದ ನನಗೆ ಈ ಕಥೆ ಒಪ್ಪಿಗೆಯಿಲ್ಲ.

ಭಕ್ತಿ ಇತ್ತು, ಅಲ್ಲಗಳೆಯುವುದಿಲ್ಲ. ಲಿಂಬೆ ತೋಟದ ಕಾಕಾ ಪ್ರತಿ ಕಾಯಿಯನ್ನೂ ಆಫ್ ಸ್ಪಿನ್ ಮಾಡಿಯೇ ಚೀಲಕ್ಕೆ ಒಗೆಯುತ್ತಿದ್ದ. ಸರ್ದಾರನನ್ನು ತಂಡದಿಂದ ಕೈಬಿಟ್ಟಾಗ ತಾನೂ ಊರಿನ ತಂಡದಿಂದ ಹೊರಗುಳಿದ.

"ಕಾಕಾ, ನಿಮ್ಮನ್ನ ಯಾರೂ ತಗದಿಲ್ಲಲ್ಲ?" ಎಂದೆ.

"ಅವರನ್ನ ತಗದ ಮ್ಯಾಲ ನಾ ಆಡಿದ್ರ, ನಾ ಅವರಕಿಂತ ಚಲೋ ಅಂದಂಗ ಆಗ್ತೈತಿ."

ಈ ವಾದಕ್ಕೆ ಪ್ರತಿವಾದ ಯಾರ ಬಳಿ ಇದೆ?

ಸರ್ದಾರ ತಂಡಕ್ಕೆ ಮರಳಿದಾಗ ಕಾಕಾ ಅಜ್ಜನ ಪಟಗಾ ತಲೆಗೆ ಸುತ್ತಿಕೊಂಡು ಮುದ್ದೇಬಿಹಾಳದ ಪಂದ್ಯಕ್ಕೆ ಇಳಿದ. ಓಡಿಬರುವಾಗ ಪಟಗಾ ಬಿಚ್ಚಿ ಹಿಂದೆ ಹಾರಿತು. ಬ್ಯಾಟ್ಸ್‌ಮನ್ ಅದನ್ನೇ ನೋಡುತ್ತ ನಿಂತ, ಸ್ಟಂಪು ಬಿತ್ತು. ಅಂಪೈರ್ ಔಟ್ ಕೊಡಲಿಲ್ಲ. "ಅಂವ ಚೆಂಡ ನೋಡಬೇಕಿತ್ರಿ, ನನ್ನ ಅರಿವಿ ಯಾಕ ನೋಡಿದ?" ಎಂದು ಕಾಕಾ ಅರ್ಧ ತಾಸು ಪಿಚ್ ಬಿಟ್ಟು ಕದಲಲಿಲ್ಲ.

ಇಂಥವನು ಆಟ ಬಿಟ್ಟನೆ? ಬಿಟ್ಟ. ಆದರೆ ಸರ್ದಾರನ ಘೋಷಣೆಗೆ ಎರಡು ತಿಂಗಳು ಮೊದಲೇ. ಕಾಕಾನ ಹೆಂಡತಿ, ನನ್ನ ಚಿಗವ್ವ, ಲಕ್ವಾ ಹೊಡೆದು ಬಲಗೈ ಬೆರಳುಗಳ ಬಲ ಕಳೆದುಕೊಂಡ ದಿನ. ಮೆತ್ತನೆಯ ಚೆಂಡು ಹಿಚುಕಿಸಿ ಎಂದರು ಡಾಕ್ಟರು. ಕಾಕಾ ಕ್ರಿಕೆಟ್ ಚೆಂಡನ್ನೇ ಕೊಟ್ಟ.

"ತೋರಬೆರಳ ಹೊಲಿಗಿ ಮ್ಯಾಲ ಇಡು."

"ನನಗ ರೊಟ್ಟಿ ಬಡಿಯೂದು ಬೇಕ್ರಿ. ವಿಕೆಟ್ ತಗೊಂಡ ಏನ ಮಾಡ್ಲಿ?"

"ಮೊದಲ ವಿಕೆಟ್. ಆಮ್ಯಾಲ ರೊಟ್ಟಿ."

ಅಂದಿನಿಂದ ದಿನಾ ಬೆಳಿಗ್ಗೆ ಅಂಗಳದಲ್ಲಿ ಪಂದ್ಯ. ಚಿಗವ್ವ ಕಟ್ಟೆಯ ಮೇಲೆ ಕುಳಿತು ಚೆಂಡು ಒಗೆಯುತ್ತಾಳೆ, ಬ್ಯಾಟ್ ಹಿಡಿದ ಕಾಕಾ ಔಟಾಗುತ್ತಾನೆ. ಚೆಂಡು ಅವನ ತನಕ ಮುಟ್ಟದಿದ್ದರೂ ಔಟಾಗುತ್ತಾನೆ. ಅವರಿಬ್ಬರ ರೊಟ್ಟಿ ಮಾತ್ರ ನಮ್ಮ ಮನೆಯಿಂದಲೇ ಹೋಗುತ್ತದೆ.

ಮೊನ್ನೆ ಆ ರೊಟ್ಟಿ ಕೊಡಲು ಹೋದೆ. ಕಾಕಾ ತೋಟದಲ್ಲಿದ್ದ. ಅಡುಗೆಮನೆಯಲ್ಲಿ ಚಿಗವ್ವ ಒಬ್ಬಳೇ ರೊಟ್ಟಿ ಬಡಿಯುತ್ತಿದ್ದಳು, ಬಲಗೈಯಲ್ಲಿ, ಅಂಚು ಹರಿಯದಂತೆ, ದುಂಡಗೆ. ನನ್ನನ್ನು ಕಂಡವಳೇ ಅದನ್ನು ಗಡಬಡಿಸಿ ಮತ್ತೆ ಮುದ್ದೆ ಮಾಡಿಬಿಟ್ಟಳು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅದೇ ಕೈಯಿಂದ ಚೆಂಡು ಜಾರಿ ಅವಳ ಕಾಲ ಬುಡದಲ್ಲೇ ಬಿತ್ತು.

"ಇನ್ನ ಸ್ವಲ್ಪ ದಿನಾ ಬೇಕ ನೋಡು," ಎಂದ ಕಾಕಾ ಬಗ್ಗಿ ಚೆಂಡನ್ನೆತ್ತಿ, ಅವಳ ಪಕ್ಕ ಕುಳಿತು, ಬೆರಳುಗಳನ್ನು ಒಂದೊಂದಾಗಿ ಹೊಲಿಗೆಯ ಮೇಲೆ ಜೋಡಿಸತೊಡಗಿದ. ಚಿಗವ್ವ ಹುಡುಗಿಯಂತೆ ಕೈ ಚಾಚಿ ಕುಳಿತಿದ್ದಳು.

ಚಿಗವ್ವ, ಖರೇ ಹೇಳು, ಆ ಕೈ ನೆಟ್ಟಗಾಗಿ ಎಷ್ಟ ದಿನಾ ಆತು?