ಬಿಳಿ ಗೆರೆ ದಾಟದ ಪುರೋಹಿತನ ಪಾಡು

ಕಾಶಿಯ ರಸ್ತೆಯಲ್ಲಿ ನಿಯಮ ಪಾಲಿಸುವವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ, ಅವೇ ಹಿಂದಿನಿಂದ ಹಾರ್ನ್ ಹೊಡೆಯುತ್ತ ಬರುತ್ತವೆ.

ನಮ್ಮ ಮನೆ ಹರಿಶ್ಚಂದ್ರ ಘಾಟಿನ ಹತ್ತಿರ. ಕರ್ನಾಟಕದಿಂದ ಅಸ್ಥಿ ತರುವವರಿಗೆ ಕರ್ಮ ಮಾಡಿಸುವುದು ನನ್ನ ಕೆಲಸ. ಅವರನ್ನು ವಿಮಾನ ನಿಲ್ದಾಣದಿಂದ ವ್ಯಾನಿನಲ್ಲಿ ಕರೆತರುವುದು ನಮ್ಮ ಭಾವನ, ಅಂದರೆ ಅಕ್ಕನ ಗಂಡನ, ಕೆಲಸವಾಗಿತ್ತು. ಹೋದ ವರ್ಷ ಅದೇ ರಸ್ತೆಯಲ್ಲಿ, ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ನಿಮಿಷ ಕಾಯಲಾರದೆ, ನಡುವಿನ ಬಿಳಿ ಗೆರೆ ದಾಟಿದರು. ಎದುರಿಗೆ ಲಾರಿ ಬಂತು. ಕಾಶಿಯಲ್ಲಿ ಸತ್ತರೆ ಮೋಕ್ಷ ಎಂದು ಬಂದವರಿಗೆಲ್ಲ ಹೇಳುತ್ತ ಮೂವತ್ತು ವರ್ಷ ಇಲ್ಲಿದ್ದ ಮನುಷ್ಯ, ಸತ್ತದ್ದು ಕಾಶಿಯ ಎಲ್ಲೆಯ ಹೊರಗೆ. ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ.

ಅವರಿಗೆ ಮಕ್ಕಳಿಲ್ಲ. ಕರ್ಮಕ್ಕೆ ನಾನೇ ಕುಳಿತೆ. ಇನ್ನು ವ್ಯಾನನ್ನೂ ನಾನೇ ಓಡಿಸುತ್ತೇನೆ ಎಂದಾಗ ಅಕ್ಕ ಒಳಗೆ ಹೋಗಿ ಗಂಗೆಯ ತಂಬಿಗೆ ತಂದಳು. ನನ್ನ ಅಂಗೈಗೆ ನೀರು ಬಿಟ್ಟು ಆಣೆ ಮಾಡಿಸಿಕೊಂಡಳು: ತುಂಡಾಗದ ಬಿಳಿ ಗೆರೆಯನ್ನು ಯಾವತ್ತೂ ದಾಟಕೂಡದು. ಅವಳಿಗೆ ಈಗ ಉಳಿದಿರುವವನು ನಾನೊಬ್ಬನೇ.

೧. ಲೈಸೆನ್ಸು

ಐವತ್ತು ದಾಟಿದ ಮೇಲೆ ಲೈಸೆನ್ಸಿಗೆ ಹೋದೆ. ನಿಯಮಗಳನ್ನೆಲ್ಲ ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದೆ. ಅಧಿಕಾರಿ ಚಿತ್ರ ತೋರಿಸಿ ಕೇಳಿದರು. ತುಂಡು ತುಂಡು ಗೆರೆಯಾದರೆ ಎದುರು ಖಾಲಿ ಇದ್ದಾಗ ದಾಟಬಹುದು, ತುಂಡಾಗದ ಗೆರೆಯಾದರೆ ಮುಂದಿನ ಗಾಡಿಯನ್ನು ಹಿಂದೆ ಹಾಕಲು ದಾಟಬಾರದು ಎಂದೆ. ಸರಿ ಎಂದರು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಮ್ಮ ಕಸುಬಿನಲ್ಲಿ ಮಾಡಬಾರದ್ದು ಒಂದಿದ್ದರೆ ಅದಕ್ಕೊಂದು ಪರಿಹಾರವೂ ಇರುತ್ತದೆ. ಆ ಅಭ್ಯಾಸಬಲದಿಂದ, ಅರಿಯದೆ ದಾಟಿಬಿಟ್ಟರೆ ಪ್ರಾಯಶ್ಚಿತ್ತ ಏನು ಎಂದು ಕೇಳಿದೆ.

ಅವರು ಅರ್ಜಿಯಲ್ಲಿ ನನ್ನ ಉದ್ಯೋಗ ಏನಿದೆ ಎಂದು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಪಂಡಿತ್‌ಜೀ, ಅಲ್ಲಿಂದ ಮುಂದೆ ನಿಮ್ಮ ಇಲಾಖೆ."

೨. ಆಲೂಗಡ್ಡೆ

ಸೋನಾರ್‌ಪುರದ ರಸ್ತೆಗೆ ಒಂದು ದಿನ ನಡುವೆ ತುಂಡಾಗದ ಬಿಳಿ ಗೆರೆ ಎಳೆದರು. ಕಣ್ಣಿಗೆ ಹಬ್ಬವಾಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ಆಲೂಗಡ್ಡೆಯವನು ಅಂಗಡಿಯಿಂದ ಗೆರೆಯವರೆಗೂ ಬುಟ್ಟಿ ಹರವಿದ್ದ. ಇದೇನಪ್ಪ ಎಂದು ಕೇಳಿದರೆ, "ನಾನು ಲಕೀರ್ ದಾಟಿದ್ದೀನಾ ಮಹಾರಾಜ್?" ಎಂದ. ನಿಜ ಹೇಳಬೇಕೆಂದರೆ ದಾಟಿರಲಿಲ್ಲ.

ನನ್ನ ಪಾಲಿನ ಅರ್ಧ ರಸ್ತೆಯಲ್ಲಿ ಆಲೂಗಡ್ಡೆ, ಉಳಿದರ್ಧಕ್ಕೆ ಹೋಗಲು ಅಕ್ಕನ ಆಣೆ. ವ್ಯಾನ್ ನಿಲ್ಲಿಸಿಕೊಂಡು ಕೂತೆ. ಹಿಂದಿದ್ದ ಇ-ರಿಕ್ಷಾದವನು ಇಳಿದು ಬಂದು ಗಾಡಿ ಕೆಟ್ಟಿತಾ ಎಂದು ವಿಚಾರಿಸಿದ. ಇಲ್ಲ, ಗೆರೆ ಇದೆ ಎಂದೆ. ಅವನು ಗೆರೆ ನೋಡಿದ, ನನ್ನ ಬೋಳಿಸಿದ ತಲೆ ನೋಡಿದ. ಮನೆಯಲ್ಲಿ ಯಾರಾದರೂ ಹೋದರಾ ಎಂದು ಮೆತ್ತಗೆ ಕೇಳಿದ. ಹೌದು, ಭಾವ ಎಂದೆ. ಅವನು ತಿರುಗಿ, ಇವರ ಮನೆಯಲ್ಲಿ ಸಾವಾಗಿದೆ, ತಲೆ ಸ್ವಲ್ಪ ಹಾಗಾಗಿದೆ, ದಾರಿ ಬಿಡಿ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಬುಟ್ಟಿಗಳನ್ನು ನಾಲ್ಕು ಜನ ಕೈ ಹಾಕಿ ಎತ್ತಿದರು.

ಕಾನೂನಿಗೆ ಜಗ್ಗದ ಆಲೂಗಡ್ಡೆ ಸಾವಿಗೆ ಸರಿದು ಕೊಟ್ಟಿತು.

೩. ಎಲ್ಲೆ

ದಾವಣಗೆರೆಯ ಯಜಮಾನರೊಬ್ಬರು ತಂದೆಯ ಅಸ್ಥಿ ತಂದಿದ್ದರು. ಮಡಿಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತರು. ನಮ್ಮ ಮುಂದೆ ಇಟ್ಟಿಗೆಯ ಟ್ರ್ಯಾಕ್ಟರು ಆಮೆಯ ಹಾಗೆ ಹೋಗುತ್ತಿತ್ತು. ಆಟೋಗಳೂ ನಮ್ಮನ್ನು ಹಿಂದೆ ಹಾಕಿ ಹೋದವು. ಅವರು ಗಡಿಯಾರ ನೋಡಿದರು, ನಿಟ್ಟುಸಿರು ಬಿಟ್ಟರು, ಕೊನೆಗೆ ತಡೆಯಲಾರದೆ, ನಾವು ಮೋಕ್ಷ ಕೊಡಿಸಲು ಬಂದಿರುವುದು ತಂದೆಗೆ, ಟ್ರ್ಯಾಕ್ಟರಿಗಲ್ಲ, ದಾಟಿ ನಡೀರಿ ಸ್ವಾಮಿ ಎಂದರು.

"ದಾಟಬಹುದಿತ್ತು ಯಜಮಾನರೇ," ಎಂದೆ. "ಆದರೆ ಕಾಶಿಯ ಎಲ್ಲೆ ಇನ್ನೂ ಬಂದಿಲ್ಲ. ಇಲ್ಲಿ ಸತ್ತರೆ ಮೋಕ್ಷ ಸಿಗೋದಿಲ್ಲ."

ಅವರು ಮಡಿಕೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡರು. ಇನ್ನೂ ಸ್ವಲ್ಪ ನಿಧಾನ ಹೋದರೂ ಪರವಾಗಿಲ್ಲ ಎಂದರು.

೪. ವರ್ಷಾಬ್ದಿಕ

ಭಾವನ ಮೊದಲ ವರ್ಷದ ಶ್ರಾದ್ಧ ಬಂತು. ಸಾಯುವಾಗ ಬಾಯಿಗೆ ಒಂದು ಹನಿ ಗಂಗೆ ಬೀಳಲಿಲ್ಲ ಎನ್ನುವುದು ಅಕ್ಕನ ಕೊರಗು. ಬೆಳಿಗ್ಗೆಯೇ ತಂಬಿಗೆ ಹಿಡಿದು, ಆ ಜಾಗಕ್ಕೆ ಕರೆದುಕೊಂಡು ಹೋಗು ಎಂದಳು. ರಸ್ತೆಯ ಬದಿಯಲ್ಲಿ ನೀರು ಬಿಟ್ಟಳು. ಗೆರೆಯನ್ನು ಬಹಳ ಹೊತ್ತು ನೋಡುತ್ತ ನಿಂತಳು.

ಹಿಂತಿರುಗುವಾಗ ಮುಂದೆ ಟ್ರ್ಯಾಕ್ಟರು. ಮನೆಯಲ್ಲಿ ಅಡುಗೆ ಆಗಿತ್ತು, ಬ್ರಾಹ್ಮಣರು ಬಂದು ಕೂತಿದ್ದರು, ಶ್ರಾದ್ಧದ ಹೊತ್ತು ಜಾರುತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳುವ ನಾನು ಕಣ್ಣೆತ್ತಿ ನೋಡಿದೆ. ಎದುರಿನ ರಸ್ತೆ ಖಾಲಿ. ನನಗೇ ತಿಳಿಯದ ಹಾಗೆ ಕೈ ಇಂಡಿಕೇಟರಿಗೆ ಹೋಯಿತು.

"ಅಕ್ಕ, ಭಾವ ಹಸಿದು ಕಾಯ್ತಾ ಇರ್ತಾರೆ. ಇದೊಂದು ಸಲ ದಾಟಲಾ?"

ಅಕ್ಕ ಖಾಲಿ ತಂಬಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ತಲೆ ಎತ್ತಲಿಲ್ಲ.

"ಕಾಯ್ಲಿ ಬಿಡೋ. ಅವತ್ತು ಎರಡು ನಿಮಿಷ ಕಾಯಕ್ಕಾಗ್ಲಿಲ್ವಲ್ಲ, ಇವತ್ತು ಕಾಯ್ಲಿ."

ಇಂಡಿಕೇಟರ್ ಆರಿಸಿದೆ. ಟ್ರ್ಯಾಕ್ಟರಿನ ಬೆನ್ನಿಗೇ ಬಂದೆವು. ಮನೆ ಸೇರಿ, ಗಡಿಬಿಡಿಯಲ್ಲಿ ಶ್ರಾದ್ಧ ಮಾಡಿ, ಕಾಗೆಗೆಂದು ಪಿಂಡ ತಂದು ತಾರಸಿಯ ಗೋಡೆಯ ಮೇಲೆ ಇಡುವಾಗ ಹೊತ್ತು ಇಳಿದಿತ್ತು. ಪಿತೃಗಳು ಸಿಟ್ಟಾಗಿದ್ದರೆ ಕಾಗೆ ಮುಟ್ಟುವುದಿಲ್ಲ ಎನ್ನುತ್ತಾರೆ. ಅಕ್ಕ ಉಸಿರು ಬಿಗಿ ಹಿಡಿದು ಬಾಗಿಲಲ್ಲಿ ನಿಂತಳು. ಗೋಡೆಯ ಮೇಲೆ ಎರಡು ಕಾಗೆ ಒಂದರ ಹಿಂದೊಂದು ಕೂತು, ಹೋಗಲೋ ಬೇಡವೋ ಎಂದು ಕತ್ತು ಕೊಂಕಿಸುತ್ತಿದ್ದವು. ಅಷ್ಟರಲ್ಲಿ ಎಲ್ಲೋ ಹಿಂದಿನಿಂದ ಮೂರನೆಯದೊಂದು ಬಂದು, ಎರಡರ ತಲೆಯ ಮೇಲಿಂದ ಹಾದು, ನಾನು ಕೈ ತೆಗೆಯುವುದಕ್ಕೂ ಬಿಡದೆ ಪಿಂಡ ಕಚ್ಚಿಕೊಂಡು ಹೋಯಿತು.

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ, ಒಂದು ವರ್ಷದಲ್ಲಿ ಮೊದಲ ಸಲ ನಗುತ್ತಿದ್ದಳು.

"ಅವರೇ ಕಣೋ," ಎಂದಳು. "ಅನುಮಾನವೇ ಇಲ್ಲ."